ಸೊಂಟಕ್ಕೂ ರೇಂಜಿಗೂ ಒಂದೇ ಪಿಸ್ತೂಲು: ಮಧ್ಯಮ ಗಾತ್ರದಲ್ಲಿ ಆರಿಸೋದು ಹೇಗೆ? (ಚರ್ಚೆ; ಪ್ರತಿ ಭಾಗದ ಮೇಲಿರೋದು ಮಾತಾಡಿದವರ ಅಡ್ಡಹೆಸರು)

ಹೊಸಗುರಿ:
ಪರವಾನಗಿಯಲ್ಲಿ ಒಂದೇ ಪಿಸ್ತೂಲಿಗೆ ಜಾಗ ಇದೆ. ದಿನಾ ಬಟ್ಟೆಯೊಳಗೆ ಇಟ್ಟುಕೊಳ್ಳಬೇಕಾದದ್ದೂ ಅದೇ, ರೇಂಜಿನಲ್ಲಿ ಅಭ್ಯಾಸ ಮಾಡಬೇಕಾದದ್ದೂ ಅದೇ. ನಾನಿರೋ ಕಡೆ 9×19 (9 ಮಿ.ಮೀ.) ಕ್ಯಾಲಿಬರ್‌ಗೆ ಕಾನೂನಿನ ಅಡ್ಡಿ ಇಲ್ಲ. ಪಟ್ಟಿಯಲ್ಲಿ ಗ್ಲಾಕ್ 19, ಸಿಝಡ್ ಪಿ-10 ಸಿ, ಸ್ಮಿತ್ ಅಂಡ್ ವೆಸನ್‌ನ ಎಂ ಅಂಡ್ ಪಿ 2.0 ಕಾಂಪ್ಯಾಕ್ಟ್, ವಾಲ್ಥರ್ ಪಿಡಿಪಿ ಕಾಂಪ್ಯಾಕ್ಟ್, ಎಚ್‌ಕೆ ವಿಪಿ9 ಇವೆ. ನಳಿಗೆ ಎಲ್ಲದರಲ್ಲೂ ಸುಮಾರು 4 ಇಂಚು, ತೋಟಾ 15ರ ಆಸುಪಾಸು. ಕಾಗದದ ಮೇಲೆ ಎಲ್ಲಾ ಒಂದೇ ಥರ ಕಾಣುತ್ತೆ. ವ್ಯತ್ಯಾಸ ನಿಜವಾಗಿ ಎಲ್ಲಿದೆ?

ನೇರನೋಟ:
ವ್ಯತ್ಯಾಸ ಇರೋದು ನಿಮ್ಮ ಕೈಯಲ್ಲಿ. ಈ ಐದೂ ಚೆನ್ನಾಗಿ ಕೆಲಸ ಮಾಡೋ ಪಿಸ್ತೂಲುಗಳೇ. ಅದಕ್ಕೇ ಕೊಳ್ಳೋ ಮುಂಚೆ ಕೈಯಲ್ಲಿ ಹಿಡಿದು ನೋಡೋದನ್ನ ಮಾತ್ರ ಬಿಡಬೇಡಿ. ಅಂಗಡಿಯವರ ಅನುಮತಿ ಕೇಳಿ, ಮ್ಯಾಗಜೀನ್ (ತೋಟಾ ತುಂಬೋ ಡಬ್ಬಿ) ಹೊರಗೆ ತೆಗೆದು, ಸ್ಲೈಡ್ (ಮೇಲಿನ ಜಾರೋ ಭಾಗ) ಹಿಂದಕ್ಕೆ ಎಳೆದು ಲಾಕ್ ಮಾಡಿ, ಚೇಂಬರ್ (ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರೋ ಗೂಡು) ಖಾಲಿ ಇದೆಯಾ ಅಂತ ಕಣ್ಣಲ್ಲೂ ನೋಡಿ, ಕಿರುಬೆರಳಲ್ಲೂ ಮುಟ್ಟಿ. ಆಮೇಲೆ ನಳಿಗೆಯನ್ನ ಯಾರೂ ಇಲ್ಲದ ಕಡೆಗೇ ಇಟ್ಟುಕೊಂಡು ಶುರು ಮಾಡಿ.

ಹೆಬ್ಬೆರಳು-ತೋರುಬೆರಳಿನ ನಡುವಿನ ಕವಲು ಹಿಡಿಯ ಹಿಂಬದಿಯಲ್ಲಿ ಎಷ್ಟು ಮೇಲೆ ಹೋಗುತ್ತೋ ಅಷ್ಟು ಮೇಲಕ್ಕೆ ಒತ್ತಿ ಹಿಡಿಯಿರಿ. ಈಗ ಮೇಲಿಂದ ನೋಡಿ: ನಳಿಗೆಯೂ ಮುಂಗೈ ಮೂಳೆಯೂ ಒಂದೇ ಗೆರೆಯಲ್ಲಿರಬೇಕು. ಆ ಗೆರೆ ಕೆಡದೆ ತೋರುಬೆರಳು ಟ್ರಿಗರ್ ಮುಟ್ಟಬೇಕು, ಅದೂ ತುದಿ ಅಲ್ಲ, ಮೊದಲ ಗಿಣ್ಣಿಗೂ ಬೆರಳ ತುದಿಗೂ ನಡುವಿನ ಮೆತ್ತನೆ ಭಾಗ. ಬೆರಳು ಸಾಲದೆ ಪಿಸ್ತೂಲನ್ನ ಪಕ್ಕಕ್ಕೆ ತಿರುಗಿಸಿಕೊಂಡರೆ ಗುಂಡಿನ ಒದೆತ ಕವಲಿನ ಮೇಲೆ ಬೀಳೋ ಬದಲು ಹೆಬ್ಬೆರಳ ಬುಡಕ್ಕೆ ಬೀಳುತ್ತೆ. ಪ್ರತಿ ಗುಂಡಿಗೂ ಹಿಡಿತ ಸ್ವಲ್ಪ ಸ್ವಲ್ಪ ಜಾರುತ್ತೆ, ಮೂರನೇ ಗುಂಡಿನ ಹೊತ್ತಿಗೆ ಗುರಿ ಪಕ್ಕಕ್ಕೆ ಹೋಗಿರುತ್ತೆ.

ಇನ್ನೊಂದನ್ನ ಹೆಚ್ಚಿನವರು ನೋಡೋದೇ ಇಲ್ಲ. ಬಲಗೈ ಹಿಡಿದಾದ ಮೇಲೆ ಹಿಡಿಯ ಎಡಬದಿಯಲ್ಲಿ ಖಾಲಿ ಜಾಗ ಎಷ್ಟು ಉಳಿಯಿತು? ಎಡ ಅಂಗೈಯ ಬುಡದ ಭಾಗ ಅಲ್ಲಿ ಕೂರಬೇಕು. ಬಲಗೈ ಬೆರಳುಗಳೇ ಆ ಜಾಗವನ್ನೆಲ್ಲ ತುಂಬಿದ್ದರೆ ಹಿಡಿ ನಿಮಗೆ ತೀರಾ ಸಣ್ಣದು, ದೊಡ್ಡ ಬ್ಯಾಕ್‌ಸ್ಟ್ರಾಪ್ (ಹಿಡಿಯ ಹಿಂಬದಿಗೆ ಕೂರೋ ತುಂಡು) ಹಾಕಿ ನೋಡಿ. ಎಂ ಅಂಡ್ ಪಿ 2.0ಗೆ ನಾಲ್ಕು ಅಳತೆಯ ಹಿಡಿ-ತುಂಡು ಬರುತ್ತೆ. ವಿಪಿ9ರಲ್ಲಿ ಹಿಂಬದಿಯೂ ಎರಡು ಪಕ್ಕಗಳೂ ಬೇರೆ ಬೇರೆಯಾಗಿ ಬದಲಾಗುತ್ತೆ, ಒಟ್ಟು 27 ಜೋಡಣೆ. ಕೈಯ ಅಳತೆ ಮಾಮೂಲಿಗಿಂತ ಬೇರೆ ಇರೋರಿಗೆ ಇದು ದೊಡ್ಡ ಅನುಕೂಲ.

ಹಿಡಿಯ ಕೋನದ ಬಗ್ಗೆ ಜನ ಬಹಳ ವಾದ ಮಾಡ್ತಾರೆ. ಕಣ್ಣು ಮುಚ್ಚಿ ಪಿಸ್ತೂಲನ್ನ ಮುಂದಕ್ಕೆ ಚಾಚಿ, ಕಣ್ಣು ತೆಗೆದಾಗ ಮುಂದಿನ ಸೈಟ್ (ಗುರಿ ನೋಡೋ ಗುರುತು) ಮೇಲೆದ್ದಿದ್ದರೆ ಕೋನ ನಿಮ್ಮ ಅಭ್ಯಾಸಕ್ಕೆ ಹೊಸದು, ಅಷ್ಟೇ. ಅಭ್ಯಾಸದಿಂದ ಅದು ಸರಿಹೋಗುತ್ತೆ. ಟ್ರಿಗರ್ ತಲುಪದೇ ಇರೋದು ಅಭ್ಯಾಸದಿಂದ ಸರಿಹೋಗಲ್ಲ.

ಸ್ಲೈಡ್‌ಲಾಕ್:
ನೇರನೋಟ ಅವರ ಮಾತಿಗೆ ಒಂದು ಸೇರಿಸುತ್ತೇನೆ. ಬಟ್ಟೆಯೊಳಗೆ ಮರೆಮಾಡುವಾಗ ತೊಂದರೆ ಕೊಡುವುದು ನಳಿಗೆಯ ಉದ್ದವಲ್ಲ, ಹಿಡಿಯ ಉದ್ದ. ನಳಿಗೆ ಪ್ಯಾಂಟಿನೊಳಗೆ ಕೆಳಮುಖವಾಗಿ ಹೋಗುತ್ತದೆ, ಅರ್ಧ ಇಂಚು ಹೆಚ್ಚಿದ್ದರೂ ಯಾರಿಗೂ ಕಾಣುವುದಿಲ್ಲ. ಹಿಡಿ ಮಾತ್ರ ಬೆಲ್ಟಿನ ಮೇಲೆ ದೇಹಕ್ಕೆ ಅಡ್ಡವಾಗಿ ನಿಂತಿರುತ್ತದೆ. ಅದರ ಕೆಳತುದಿಯೇ ಅಂಗಿಯಲ್ಲಿ ಉಬ್ಬಿ ಕಾಣುವ ಮೂಲೆ.

ಗ್ಲಾಕ್ 17 ಮತ್ತು 19ರ ಐದನೇ ತಲೆಮಾರಿನ ಅಳತೆ ನೋಡಿ. ಮ್ಯಾಗಜೀನ್ ಸೇರಿ 17ರ ಎತ್ತರ 139 ಮಿ.ಮೀ., 19ರದು 128. ಈ 11 ಮಿ.ಮೀ. ಬಟ್ಟೆಯಲ್ಲಿ ಕಾಣುತ್ತದೆ. ಸ್ಲೈಡಿನ ಉದ್ದದಲ್ಲಿ ಇರುವ ಅಷ್ಟೇ ವ್ಯತ್ಯಾಸ ಕಾಣುವುದಿಲ್ಲ. 2018ರಲ್ಲಿ ಬಂದ 19ಎಕ್ಸ್ ಇದಕ್ಕೆ ಉಲ್ಟಾ: 17ರ ಹಿಡಿ, 19ರ ಸ್ಲೈಡ್. ರೇಂಜಿನಲ್ಲಿ ಸೊಗಸಾಗಿದೆ, ಕೈತುಂಬ ಹಿಡಿತ ಸಿಗುತ್ತದೆ. ಆದರೆ ಸೊಂಟದಲ್ಲಿ ಇಡುವವರಿಗೆ ಎಲ್ಲಿ ಗಿಡ್ಡವಾಗಿರಬೇಕಿತ್ತೋ ಅಲ್ಲೇ ಉದ್ದವಾಗಿದೆ.

ಅದೇ ವರ್ಷ ಬಂದ ಸಿಗ್ ಪಿ365ರಂತಹ ತೆಳು ಪಿಸ್ತೂಲುಗಳು ಬಚ್ಚಿಡುವುದಕ್ಕೆ ಇನ್ನೂ ಸುಲಭ. ಆದರೆ ತೂಕ ಕಡಿಮೆಯಾದಷ್ಟೂ ಒದೆತ ಚುರುಕಾಗುತ್ತದೆ. ನೂರೈವತ್ತು ಗುಂಡು ಹಾರಿಸುವಷ್ಟರಲ್ಲಿ ಕೈ ಬೇಸರಪಟ್ಟು ಟ್ರಿಗರನ್ನು ಕಿತ್ತು ಎಳೆಯಲು ಶುರುಮಾಡುತ್ತದೆ. ಒಂದೇ ಪಿಸ್ತೂಲು ಎಂದಾದರೆ ಮಧ್ಯಮ ಗಾತ್ರವೇ ಸರಿ. ಗ್ಲಾಕ್ 19 ಖಾಲಿ ಮ್ಯಾಗಜೀನ್ ಸಮೇತ ಸುಮಾರು 670 ಗ್ರಾಂ, ತುಂಬಿದರೆ 850ರ ಸುತ್ತ. ಈ ತೂಕವನ್ನು ಹೊರುವುದು ಸೊಂಟವಲ್ಲ, ಬೆಲ್ಟು. ಮಾಮೂಲಿ ಮೆತ್ತನೆ ಬೆಲ್ಟಿನಲ್ಲಿ ಯಾವ ಪಿಸ್ತೂಲೂ ಹೊರಕ್ಕೆ ವಾಲುತ್ತದೆ. 38 ಮಿ.ಮೀ. ಅಗಲದ, ಅಡ್ಡಕ್ಕೆ ಮಡಚದ ಗಟ್ಟಿ ಬೆಲ್ಟು ಮೊದಲು ಕೊಳ್ಳಿ.

ಹೋಲ್‌ಸ್ಟರ್ (ಪಿಸ್ತೂಲು ಇಡುವ ಒರೆ) ಕೈಡೆಕ್ಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನದ್ದಿರಲಿ. ಟ್ರಿಗರ್ ಗಾರ್ಡ್ ಪೂರ್ತಿ ಮುಚ್ಚಿರಬೇಕು, ಪಕ್ಕದಿಂದ ಒತ್ತಿದರೂ ಟ್ರಿಗರ್ ಅಲುಗಬಾರದು, ಪಿಸ್ತೂಲು ಹೊರತೆಗೆದ ಮೇಲೂ ಬಾಯಿ ತೆರೆದೇ ನಿಲ್ಲಬೇಕು. ಬೆಲ್ಟಿಗೆ ತಾಗಿ ಹಿಡಿಯನ್ನು ಒಳಕ್ಕೆ ದೂಡುವ ಕೊಕ್ಕೆಯಂಥ ಒಂದು ತುಂಡು ಬರುತ್ತದೆ, 'ಕ್ಲಾ' ಎನ್ನುತ್ತಾರೆ. ಅದಿದ್ದರೆ ಉಬ್ಬು ಅರ್ಧಕ್ಕರ್ಧ ಇಳಿಯುತ್ತದೆ. ಹೊಟ್ಟೆಯ ಮುಂಭಾಗದಲ್ಲಿ ಇಡುವವರಿಗೆ ನಳಿಗೆ ತುದಿಯ ಹತ್ತಿರ ಒಂದು ಫೋಮ್ ಬೆಣೆಯೂ ಬೇಕು. ಅದು ನಳಿಗೆಯನ್ನು ಮೈಯಿಂದ ಹೊರಕ್ಕೆ ತಳ್ಳಿ ಹಿಡಿಯನ್ನು ಒಳಕ್ಕೆ ಬಾಗಿಸುತ್ತದೆ.

ಎಡಗೈ:
ಎಡಗೈಯವರಿಗೆ ಒಂದು ಮಾತು. ನೀವು ಹೇಳಿದ ಐದರಲ್ಲೂ ಈಗಿನ ಮಾದರಿಗಳಿಗೆ ಸ್ಲೈಡ್ ಸ್ಟಾಪ್ (ಸ್ಲೈಡನ್ನ ಹಿಂದೆ ನಿಲ್ಲಿಸೋ ಲಿವರ್) ಎರಡೂ ಬದಿ ಇದೆ. ಹಳೇ ಗ್ಲಾಕ್ ತಗೊಂಡರೆ ಇರಲ್ಲ, ಐದನೇ ತಲೆಮಾರಿನಿಂದ (2017) ಬಂದದ್ದು.

ಎರಡೂ ಬದಿ ಇರೋದರ ಒಂದು ಕಿರಿಕಿರಿಯೂ ಇದೆ. ಹೆಬ್ಬೆರಳು ಸ್ಟಾಪ್ ಮೇಲೆ ಒರಗಿ ಕೆಳಕ್ಕೆ ಒತ್ತುತ್ತಾ ಇದ್ದರೆ ಕೊನೇ ಗುಂಡಾದ ಮೇಲೆ ಸ್ಲೈಡ್ ಹಿಂದೆ ನಿಲ್ಲಲ್ಲ. ಕೆಳಗಿಂದ ಮೇಲಕ್ಕೆ ತಳ್ಳಿದರೆ ಇನ್ನೂ ತೋಟಾ ಇರುವಾಗಲೇ ನಿಂತುಬಿಡುತ್ತೆ. ಜನ ಪಿಸ್ತೂಲನ್ನೋ ಮ್ಯಾಗಜೀನನ್ನೋ ಬೈತಾರೆ. ಬೇರೊಬ್ಬರಿಗೆ ಕೊಟ್ಟು ಹಾರಿಸಿ ನೋಡಿ, ಅವರ ಕೈಯಲ್ಲಿ ಸರಿಯಿದ್ದರೆ ತಪ್ಪು ಹೆಬ್ಬೆರಳದ್ದೇ.

ಹೊಸಗುರಿ:
ಎಲ್ಲರಿಗೂ ಧನ್ಯವಾದ. ಪಿಡಿಪಿ ಮತ್ತು ಪಿ-10 ಸಿ ಕೈಗೆ ಸರಿ ಕೂತವು. ಇನ್ನೊಂದು ಅನುಮಾನ: ಸ್ಟ್ರೈಕರ್ (ಸ್ಲೈಡಿನೊಳಗಿನ ಸ್ಪ್ರಿಂಗ್ ಕಡ್ಡಿಯೇ ತೋಟಾವನ್ನ ಹೊಡೆಯೋ ಬಗೆ) ಬೇಕಾ, ಅಥವಾ ಸಿಝಡ್ ಪಿ-07 ಥರದ ಹ್ಯಾಮರ್ (ಹಿಂದೆ ಕಾಣೋ ಸುತ್ತಿಗೆ) ಇರೋ ಪಿಸ್ತೂಲೇ ಸುರಕ್ಷಿತವಾ? ಟ್ರಿಗರ್ ಹಗುರ ಮಾಡೋ ಸ್ಪ್ರಿಂಗ್ ಕಿಟ್ ಹಾಕಿಸಬಹುದಾ?

ರಿಪೇರಿಕೋಣೆ:
ಎರಡನೇ ಪ್ರಶ್ನೆಗೆ ಮೊದಲು ಉತ್ತರ: ಸೊಂಟದಲ್ಲಿ ಇಡೋ ಪಿಸ್ತೂಲಿಗೆ ಬೇಡ. ಟ್ರಿಗರ್ ಹಗುರ ಮಾಡೋ ಕಿಟ್‌ಗಳಲ್ಲಿ ಸಾಮಾನ್ಯವಾಗಿ ಸ್ಟ್ರೈಕರ್ ಸ್ಪ್ರಿಂಗನ್ನೂ ಮೆತ್ತಗೆ ಮಾಡಿರ್ತಾರೆ. ಆಗ ಪ್ರೈಮರ್ (ತೋಟಾದ ತಳದಲ್ಲಿ ಹೊಡೆತಕ್ಕೆ ಹೊತ್ತೋ ಸಣ್ಣ ಬಟ್ಟಲು) ಮೇಲೆ ಹೊಡೆತ ಸಾಲದು. ಮೆತ್ತನೆ ಪ್ರೈಮರ್ ಇರೋ ತೋಟಾ ಹಾರುತ್ತೆ, ಗಟ್ಟಿ ಪ್ರೈಮರಿನದ್ದು ಬರೀ 'ಕ್ಲಿಕ್' ಅನ್ನುತ್ತೆ. ಹಾರದ ತೋಟಾದ ಹಿಂಬದಿ ನೋಡಿದರೆ ಗುಳಿ ಆಳವಿಲ್ಲದೆ ಬಿದ್ದಿರುತ್ತೆ, ಅದೇ ಗುರುತು. ಟ್ರಿಗರ್ ಬಾರ್, ಸಿಯರ್ (ಸ್ಟ್ರೈಕರನ್ನ ಹಿಡಿದಿಟ್ಟು ಬಿಡೋ ಭಾಗಗಳು) ಇವುಗಳನ್ನ ಕಲ್ಲಿಗೆ ಉಜ್ಜೋದಂತೂ ಬೇಡವೇ ಬೇಡ. ಹಿಡಿಯುವ ಅಂಚು ದುಂಡಗಾದರೆ ಡ್ರಾಪ್ ಸೇಫ್ಟಿಯ (ಕೆಳಗೆ ಬಿದ್ದರೂ ಗುಂಡು ಹಾರದಂತೆ ತಡೆಯೋದು) ಅರ್ಥವೇ ಹೋಗುತ್ತೆ.

ಈಗ ಮೊದಲ ಪ್ರಶ್ನೆ. ಸ್ಟ್ರೈಕರ್ ಪಿಸ್ತೂಲಿನ ಟ್ರಿಗರ್ ಸುಮಾರು ಎರಡೂವರೆ ಕೆ.ಜಿ., ಮೊದಲ ಗುಂಡಿಗೂ ಕೊನೇ ಗುಂಡಿಗೂ ಒಂದೇ. ಹ್ಯಾಮರ್ ಇಳಿಸಿಟ್ಟ ಡಬಲ್ ಆ್ಯಕ್ಷನ್‌ನಲ್ಲಿ ಮೊದಲ ಎಳೆತವೇ ಹ್ಯಾಮರನ್ನ ಎತ್ತಿ ಬಿಡಬೇಕು, ಅದಕ್ಕೇ ಉದ್ದ, ನಾಲ್ಕರಿಂದ ಐದು ಕೆ.ಜಿ.ವರೆಗೂ ಹೋಗಬಹುದು. ಎರಡನೇ ಗುಂಡಿನಿಂದ (ಸಿಂಗಲ್ ಆ್ಯಕ್ಷನ್) ಎರಡು ಕೆ.ಜಿ. ಆಸುಪಾಸು, ಚುಟುಕು. ಹೋಲ್‌ಸ್ಟರಿಗೆ ವಾಪಸ್ ಹಾಕುವಾಗ ಹ್ಯಾಮರ್ ಮೇಲೆ ಹೆಬ್ಬೆರಳಿಟ್ಟರೆ ಟ್ರಿಗರ್‌ಗೆ ಏನಾದರೂ ಸಿಕ್ಕಿದ್ದು ಬೆರಳಿಗೇ ಗೊತ್ತಾಗುತ್ತೆ. ಸುರಕ್ಷತೆಯ ಲೆಕ್ಕದಲ್ಲಿ ಇದು ನಿಜವಾದ ಲಾಭ. ಅದರ ಬೆಲೆ ಅಂದರೆ ಎರಡು ಬಗೆಯ ಎಳೆತವನ್ನೂ ಕಲಿಯಬೇಕು. ಸಿಂಗಲ್ ಆ್ಯಕ್ಷನ್‌ನಲ್ಲಷ್ಟೇ ರೇಂಜಿನಲ್ಲಿ ಹಾರಿಸಿ, ಸೊಂಟದಲ್ಲಿ ಮಾತ್ರ ಹ್ಯಾಮರ್ ಇಳಿಸಿ ಇಟ್ಟುಕೊಳ್ಳೋರಿಗೆ ಅತಿ ಮುಖ್ಯವಾದ ಮೊದಲ ಗುಂಡೇ ಅಭ್ಯಾಸ ಇಲ್ಲದ ಗುಂಡಾಗಿರುತ್ತೆ. ಪಿ-07ನಲ್ಲಿ ಡಿಕಾಕರ್ (ಹ್ಯಾಮರನ್ನ ಸುರಕ್ಷಿತವಾಗಿ ಇಳಿಸೋ ಲಿವರ್) ಅಥವಾ ಸೇಫ್ಟಿ, ಎರಡರಲ್ಲಿ ಬೇಕಾದ್ದನ್ನ ಹಾಕಿಕೊಳ್ಳಬಹುದು. ವಾರಕ್ಕೆ ಒಂದು ಸಲವೂ ಅಭ್ಯಾಸ ಆಗದವರಿಗೆ ಸ್ಟ್ರೈಕರೇ ಸರಳ.

ಯಾವುದೇ ಆದರೂ ಹೋಲ್‌ಸ್ಟರಿಗೆ ಹಾಕುವಾಗ ಅವಸರ ಬೇಡ. ಅಂಗಿ ಪೂರ್ತಿ ಸರಿಸಿ, ಕಣ್ಣಲ್ಲಿ ನೋಡಿಕೊಂಡು, ನಿಧಾನಕ್ಕೆ ಇಳಿಸಿ. ಎಲ್ಲಾದರೂ ತಡೆದರೆ ಒತ್ತಬೇಡಿ, ಹೊರಗೆ ತೆಗೆದು ನೋಡಿ. ಜಾಕೆಟ್ಟಿನ ಎಳೆದಾರದ ತುದಿ, ಅಂಗಿಯ ಮಡಿಕೆ ಟ್ರಿಗರ್ ಗಾರ್ಡಿನೊಳಗೆ ಸಿಕ್ಕಿ ಗುಂಡು ಹಾರುತ್ತೆ.

ಬಿಚ್ಚುವ ವಿಧಾನವನ್ನೂ ಆಯ್ಕೆಯಲ್ಲಿ ಲೆಕ್ಕಕ್ಕೆ ತಗೊಳ್ಳಿ. ಗ್ಲಾಕ್, ಪಿ-10, ಪಿಡಿಪಿ ಬಿಚ್ಚೋಕೆ ಟ್ರಿಗರ್ ಎಳೆಯಲೇಬೇಕು. ಚೇಂಬರ್ ಎರಡು ಸಲ ನೋಡದೆ ಅದನ್ನ ಮಾಡಬಾರದು. ವಿಪಿ9ಗೆ ಎಳೆಯೋದು ಬೇಕಿಲ್ಲ, ಎಂ ಅಂಡ್ ಪಿಯಲ್ಲಿ ಒಳಗೆ ಒಂದು ಸಣ್ಣ ಲಿವರ್ ಇದೆ, ಅದನ್ನ ಇಳಿಸಿದರೆ ಸಾಕು.

ಸೆಕೆಂಡ್ ಹ್ಯಾಂಡ್ ಸಿಗ್ ಪಿ320 ಸಿಕ್ಕಿದರೆ ಒಂದು ಎಚ್ಚರಿಕೆ. ಕೆಳಗೆ ಬಿದ್ದಾಗ ಗುಂಡು ಹಾರಬಹುದು ಅನ್ನೋ ವಿಷಯ ಹೊರಬಿದ್ದ ಮೇಲೆ 2017ರಲ್ಲಿ ಕಂಪನಿಯೇ ಮಾರ್ಪಾಡು ಘೋಷಿಸಿತು. ಹಗುರವಾದ ಟ್ರಿಗರ್, ಸ್ಟ್ರೈಕರ್, ಸಿಯರ್ ಹಾಕಿಕೊಡುವ ಮಾರ್ಪಾಡು ಅದು. ಅದಕ್ಕೂ ಮುಂಚಿನ ಪಿಸ್ತೂಲು ಆಗಿದ್ದರೆ ಆ ಕೆಲಸ ಆಗಿದೆಯಾ ಅಂತ ಕೇಳಿ ತಿಳ್ಕೊಳ್ಳದೆ ತಗೋಬೇಡಿ.

ತೋಟಾಪೆಟ್ಟಿಗೆ:
ಪಿಸ್ತೂಲು ಆರಿಸಿದ ಮೇಲೂ ಅದನ್ನು ನಂಬುವುದಕ್ಕೆ ಮುಂಚೆ ಕೆಲಸ ಇದೆ. ಮ್ಯಾಗಜೀನ್‌ಗಳ ತಳದಲ್ಲಿ 1, 2, 3 ಎಂದು ಬಣ್ಣದಲ್ಲಿ ಬರೆಯಿರಿ. ಮಾಮೂಲಿ ತಾಮ್ರದ ಹೊದಿಕೆಯ 115 ಅಥವಾ 124 ಗ್ರೇನ್ (ಗುಂಡಿನ ತೂಕದ ಅಳತೆ) ತೋಟಾದಲ್ಲಿ ಕನಿಷ್ಠ 200 ಗುಂಡು ಹಾರಿಸಿ, ಪ್ರತಿ ತೊಡಕನ್ನೂ ಮ್ಯಾಗಜೀನ್ ನಂಬರ್ ಸಮೇತ ಬರೆದಿಡಿ. ತೊಡಕೆಲ್ಲ ಒಂದೇ ನಂಬರಿನಲ್ಲಿ ಬಂದರೆ ಮ್ಯಾಗಜೀನ್ ಕೆಟ್ಟಿದೆ: ಅದರ ಬಾಯಿಯ ತುಟಿ ಬಾಗಿದೆ, ಇಲ್ಲವೇ ಸ್ಪ್ರಿಂಗ್ ಸೋತಿದೆ. ಎಲ್ಲದರಲ್ಲೂ ಹಂಚಿಕೊಂಡು ಬಂದರೆ ಹಿಡಿತ ಸಡಿಲವೋ, ತೋಟಾ ದುರ್ಬಲವೋ, ಎಕ್ಸ್‌ಟ್ರಾಕ್ಟರ್ (ಹಾರಿದ ತೋಟಾದ ಖಾಲಿ ಕೇಸನ್ನು ಎಳೆದು ತೆಗೆಯುವ ಕೊಕ್ಕೆ) ಉಗುರಿನಡಿ ಕಸವೋ ನೋಡಿ. ಖಾಲಿ ಕೇಸ್ ಹೊರಹೋಗದೆ ಸ್ಲೈಡಿನ ಬಾಯಲ್ಲಿ ನೆಟ್ಟಗೆ ನಿಂತರೆ ಬಹುಪಾಲು ಮಣಿಕಟ್ಟು ಸಡಿಲ ಬಿಟ್ಟಿರುವುದೇ ಕಾರಣ. ಚೌಕಟ್ಟೂ ಜೊತೆಗೇ ಹಿಂದಕ್ಕೆ ಹೋದರೆ ಸ್ಲೈಡ್ ತನ್ನ ಪೂರ್ತಿ ದೂರ ಓಡುವುದಿಲ್ಲ.

ಆಮೇಲೆ ಸೊಂಟದಲ್ಲಿ ಇಡುವ ತೋಟಾವನ್ನೇ, ಅಂದರೆ ತುದಿ ಟೊಳ್ಳಾದ ಹಾಲೋ ಪಾಯಿಂಟನ್ನು, ಕಾನೂನು ಒಪ್ಪುವ ಕಡೆ, ಎರಡು ಪೆಟ್ಟಿಗೆಯಷ್ಟಾದರೂ ಹಾರಿಸಿ. ದುಂಡು ತುದಿಯ ತೋಟಾ ನುಂಗುವ ಪಿಸ್ತೂಲು ಅಗಲ ಬಾಯಿಯದ್ದನ್ನು ಚೇಂಬರಿಗೆ ಹತ್ತಿಸುವ ಇಳಿಜಾರಾದ ಫೀಡ್ ರ‍್ಯಾಂಪಿನಲ್ಲಿ ತಡೆಯಬಹುದು. ದುಬಾರಿ ಎಂದು ಇದನ್ನು ಬಿಡುವವರು ಬಹಳ. ಬಿಡಬೇಡಿ.

ತೂಕದ ವಿಷಯ: 147 ಗ್ರೇನ್ ಗುಂಡು ಸಾಮಾನ್ಯವಾಗಿ ಶಬ್ದದ ವೇಗಕ್ಕಿಂತ ಕೆಳಗೆ ಹೋಗುತ್ತದೆ, ಒದೆತ ತಳ್ಳಿದಂತೆ ಬರುತ್ತದೆ. 115 ಚುರುಕು. 25 ಮೀಟರಿನಲ್ಲಿ ಎರಡೂ ಒಂದೇ ಜಾಗಕ್ಕೆ ಬೀಳುವುದಿಲ್ಲ, ಆದ್ದರಿಂದ ಅಭ್ಯಾಸದ ತೋಟಾವೂ ಸೊಂಟದ ತೋಟಾವೂ ಒಂದೇ ತೂಕದ್ದಾಗಿದ್ದರೆ ಒಳ್ಳೆಯದು. 124 ಎರಡಕ್ಕೂ ಹೊಂದುತ್ತದೆ. .40 (ಇನ್ನೂ ದಪ್ಪ ಗುಂಡಿನ ಕ್ಯಾಲಿಬರ್) ಬೇಕೇ ಎಂದು ಯಾರಾದರೂ ಕೇಳಿದರೆ: ಒಂದೇ ಗಾತ್ರದ ಪಿಸ್ತೂಲಿನಲ್ಲಿ ಒದೆತ ಹೆಚ್ಚು, ತೋಟಾ ಕಡಿಮೆ. ಅಮೆರಿಕದ ಎಫ್‌ಬಿಐ ಕೂಡ .40 ಬಿಟ್ಟು 9 ಮಿ.ಮೀ.ಗೆ ಮರಳಿತು.

ಇದನ್ನು ಮಾತ್ರ ನೆನಪಿಡಿ. ಪ್ರತಿ ರಾತ್ರಿ ಪಿಸ್ತೂಲು ಖಾಲಿ ಮಾಡಿ ಬೆಳಿಗ್ಗೆ ಅದೇ ತೋಟಾವನ್ನು ಮತ್ತೆ ಚೇಂಬರಿಗೆ ಹಾಕುತ್ತಾ ಹೋದರೆ, ಪ್ರತಿ ಸಲವೂ ಗುಂಡಿನ ಮೂತಿ ರ‍್ಯಾಂಪಿಗೆ ಬಡಿದು ಕೇಸಿನೊಳಕ್ಕೆ ಸ್ವಲ್ಪ ಇಳಿಯುತ್ತದೆ. 9 ಮಿ.ಮೀ. ಕೇಸಿನಲ್ಲಿ ಜಾಗವೇ ಕಡಿಮೆ, ಗುಂಡು ಒಳಗಿಳಿದಷ್ಟೂ ಒತ್ತಡ ವಿಪರೀತ ಏರುತ್ತದೆ. ಪೆಟ್ಟಿಗೆಯಿಂದ ಹೊಸ ತೋಟಾ ತೆಗೆದು ಪಕ್ಕದಲ್ಲಿ ನಿಲ್ಲಿಸಿ ನೋಡಿ. ಕಣ್ಣಿಗೇ ಗಿಡ್ಡ ಕಂಡರೆ ಅದನ್ನು ಹಾರಿಸಬೇಡಿ, ಬೇರೆಯೇ ಎತ್ತಿಡಿ.

ನೇರನೋಟ:
ರೆಡ್ ಡಾಟ್ (ಗಾಜಿನೊಳಗೆ ಕೆಂಪು ಚುಕ್ಕೆ ತೋರಿಸೋ ಸೈಟ್) ಬಗ್ಗೆ ಯಾರೂ ಹೇಳಿಲ್ಲ. ಈಗ ಕೊಳ್ಳೋದಾದರೆ ಡಾಟ್ ಕೂರಿಸೋಕೆ ಸ್ಲೈಡ್ ಕೊರೆದಿರೋ ಮಾದರಿಯನ್ನೇ ತಗೊಳ್ಳಿ, ಡಾಟ್ ಇವತ್ತೇ ಹಾಕದಿದ್ದರೂ ಸರಿ. ಆಮೇಲೆ ಕೊರೆಸೋದು ತೊಂದರೆ.

ಸ್ಲೈಡ್‌ಲಾಕ್:
ಸ್ಲೈಡಿನ ಮಾತು ಒಪ್ಪುತ್ತೇನೆ. ಆದರೆ ಹೊಸಬರು ಮೊದಲ ದಿನವೇ ಡಾಟ್ ಹಾಕುವುದಕ್ಕೆ ನನ್ನ ಮತ ಇಲ್ಲ. ಡಾಟ್ ಕಾಣಬೇಕೆಂದರೆ ಪಿಸ್ತೂಲು ಪ್ರತಿ ಸಲ ಒಂದೇ ಜಾಗಕ್ಕೆ ಬರಬೇಕು. ಬರದಿದ್ದರೆ ಗಾಜಿನೊಳಗೆ ಚುಕ್ಕೆ ಹುಡುಕುತ್ತಾ ಒಂದು ಸೆಕೆಂಡು ಹೋಗುತ್ತದೆ. ಕಬ್ಬಿಣದ ಸೈಟಿನಲ್ಲಾದರೆ ತಪ್ಪು ಎತ್ತ ಕಡೆ ಎಂದಾದರೂ ಕಾಣುತ್ತದೆ.

ನೇರನೋಟ:
ಅದೇ ಕಾರಣಕ್ಕೆ ಡಾಟ್ ಒಳ್ಳೆ ಗುರು ಅಂತ ನನ್ನ ವಾದ. ಟ್ರಿಗರ್ ಎಳೆಯುವಾಗ ಕೈ ಎಷ್ಟು ಅಲುಗುತ್ತೆ ಅನ್ನೋದನ್ನ ಚುಕ್ಕೆ ತಕ್ಷಣ ತೋರಿಸುತ್ತೆ. ನಲವತ್ತು ದಾಟಿದ ಕಣ್ಣಿಗೆ ಮುಂದಿನ ಸೈಟ್ ಮಂಜಾಗಿ ಕಾಣುತ್ತೆ, ಡಾಟ್‌ನಲ್ಲಿ ನೋಟ ಗುರಿಯ ಮೇಲೇ ಇರಬಹುದು. ಚುಕ್ಕೆ ಸಿಗದಿದ್ದರೆ ಮೊದಲು ಕಬ್ಬಿಣದ ಸೈಟನ್ನೇ ಹುಡುಕಿ, ಅದರ ನೇರಕ್ಕೆ ಚುಕ್ಕೆ ಇರುತ್ತೆ. ಅದಕ್ಕೇ ಗಾಜಿನ ಮೂಲಕ ಕಾಣುವಷ್ಟು ಎತ್ತರದ ಸೈಟ್ ಜೊತೆಗಿರಬೇಕು.

ರಿಪೇರಿಕೋಣೆ:
ಹಾಕೋದಾದರೆ ಸರಿಯಾಗಿ ಹಾಕಿ. ಮೊದಲು ಸ್ಲೈಡಿನ ಮೇಲೆ ಡಾಟ್ ಕೂರೋ ಪ್ಲೇಟಿಗೂ ಡಾಟಿನ ತಳದ ಆಕಾರಕ್ಕೂ ಹೊಂದಿಕೆ ಇದೆಯಾ ನೋಡಿ. ಆರ್‌ಎಂಆರ್ ಆಕಾರದ ಪ್ಲೇಟಿಗೆ ಶೀಲ್ಡ್ ಆಕಾರದ್ದು ಕೂರಲ್ಲ (ಎರಡೂ ಡಾಟಿನ ಬಗೆಗಳು). ಸ್ಕ್ರೂ ಮತ್ತು ರಂಧ್ರದ ಎಣ್ಣೆಯನ್ನ ಆಲ್ಕೋಹಾಲಿನಲ್ಲಿ ಒರೆಸಿ, ನೀಲಿ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲಾಗದಂತೆ ಹಿಡಿಯೋ ಅಂಟು) ಒಂದು ಸಣ್ಣ ಹನಿ, ಟಾರ್ಕ್ ಡ್ರೈವರ್‌ನಲ್ಲಿ ತಯಾರಕರು ಹೇಳಿದಷ್ಟೇ ಬಿಗಿ. ಸಾಮಾನ್ಯವಾಗಿ ಅದು 10ರಿಂದ 15 ಇಂಚ್-ಪೌಂಡ್. ಒಂದು ದಿನ ಒಣಗಲು ಬಿಡಿ, ಸ್ಕ್ರೂ ತಲೆಯಿಂದ ತಳಕ್ಕೆ ಬಣ್ಣದ ಗೆರೆ ಎಳೆಯಿರಿ. ಗೆರೆ ಮುರಿದಿದ್ದರೆ ಸ್ಕ್ರೂ ತಿರುಗಿದೆ ಅಂತ ನೋಡಿದ ಕೂಡಲೇ ಗೊತ್ತಾಗುತ್ತೆ.

ಉದ್ದದ ಸ್ಕ್ರೂ ಹಾಕಿದರೆ ಕೆಲವು ಸ್ಲೈಡ್‌ಗಳಲ್ಲಿ ಅದರ ತುದಿ ಎಕ್ಸ್‌ಟ್ರಾಕ್ಟರಿನ ಪ್ಲಂಜರ್ ಓಡುವ ಕೊಳವೆಗೆ ಇಳಿದು ಅದನ್ನ ಒತ್ತಿಹಿಡಿಯುತ್ತೆ. ಡಾಟ್ ಹಾಕಿದ ದಿನದಿಂದಲೇ ಖಾಲಿ ಕೇಸ್ ಸಿಕ್ಕಿಹಾಕಿಕೊಳ್ಳೋಕೆ ಶುರುವಾದರೆ ಬೇರೆ ಏನನ್ನೂ ಮುಟ್ಟೋ ಮುಂಚೆ ಆ ಸ್ಕ್ರೂ ಬಿಚ್ಚಿ ಉದ್ದ ಅಳೆಯಿರಿ.

ಸೈಟ್ ಹೊಂದಿಸುವಾಗ 25 ಮೀಟರಿನಲ್ಲಿ 1 ಎಂಒಎ (ಕೋನದ ಅಳತೆ, ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ) ಅಂದರೆ ಸುಮಾರು 7 ಮಿ.ಮೀ. ಗುಂಪು 4 ಸೆಂ.ಮೀ. ಕೆಳಗೆ ಬಿದ್ದಿದ್ದರೆ ಐದಾರು ಎಂಒಎ ಮೇಲಕ್ಕೆ. ಐದು ಗುಂಡಿನ ಗುಂಪು ನೋಡಿ ತಿರುಗಿಸಿ, ಒಂದೊಂದು ಗುಂಡಿನ ಬೆನ್ನು ಹತ್ತಬೇಡಿ. ಬ್ಯಾಟರಿ ವರ್ಷಕ್ಕೊಮ್ಮೆ ಬದಲಿಸಿ, ಆರಿಹೋಗುವವರೆಗೂ ಕಾಯಬೇಡಿ.

ಹೊಸಗುರಿ:
ಡಾಟ್‌ಗೆ ಕೊರೆದಿರೋ ಮಾದರಿ ತಗೊಂಡು, ಮೊದಲು ಕಬ್ಬಿಣದ ಸೈಟಿನಲ್ಲೇ ಕಲಿಯೋದು ಅಂತ ತೀರ್ಮಾನಿಸಿದ್ದೇನೆ. ಕೊನೇ ಪ್ರಶ್ನೆ: ಮನೆಯಲ್ಲಿ ಪರವಾನಗಿ ಇರೋ ಇನ್ನೊಬ್ಬರಿಗೆ ಈ ಸ್ಲೈಡ್ ಎಳೆಯೋಕೆ ಕಷ್ಟ ಆಗ್ತಿದೆ. ಅವರಿಗೆ ಸಣ್ಣ .380 (9×19ಕ್ಕಿಂತ ಗಿಡ್ಡ ತೋಟಾದ ಪಿಸ್ತೂಲು) ಸುಲಭ ಆಗುತ್ತಾ?

ಎಡಗೈ:
ಪಿಸ್ತೂಲಿನ ಒಳಗಿನ ರಚನೆ ನೋಡದೆ ಹೇಳಕ್ಕಾಗಲ್ಲ. ವಾಲ್ಥರ್ ಪಿಪಿಕೆ ಥರದ ಬ್ಲೋಬ್ಯಾಕ್ .380ಯಲ್ಲಿ ನಳಿಗೆಗೂ ಸ್ಲೈಡಿಗೂ ಕೊಂಡಿಯೇ ಇಲ್ಲ, ಒತ್ತಡ ಇಳಿಯೋವರೆಗೂ ಸ್ಲೈಡ್ ತಡೆದು ಹಿಡಿಯೋದು ಅದರ ತೂಕ ಮತ್ತು ಸ್ಪ್ರಿಂಗ್ ಮಾತ್ರ. ಅದಕ್ಕೇ ಸ್ಪ್ರಿಂಗ್ ಗಡುಸು, ಒದೆತವೂ ಚೂಪು. ಲಾಕ್ ಆಗುವ ನಳಿಗೆಯ .380, ಉದಾಹರಣೆಗೆ ಸ್ಮಿತ್ ಅಂಡ್ ವೆಸನ್ ಶೀಲ್ಡ್ ಇಝಡ್, ನಿಜಕ್ಕೂ ಮೆತ್ತಗಿದೆ.

ಅದಕ್ಕೂ ಮುಂಚೆ ಎಳೆಯುವ ರೀತಿ ಬದಲಿಸಿ ನೋಡಿ. ಎರಡು ಬೆರಳಲ್ಲಿ ಚಿವುಟಿ ಎಳೆಯೋದಲ್ಲ. ಪಿಸ್ತೂಲು ಎದೆಗೆ ಹತ್ತಿರ, ಬೆರಳು ಟ್ರಿಗರ್‌ನಿಂದ ಹೊರಗೆ, ನಳಿಗೆ ಗುರಿಯ ದಿಕ್ಕಿಗೇ. ಎಡ ಅಂಗೈ ಪೂರ್ತಿ ಸ್ಲೈಡಿನ ಹಿಂಭಾಗದ ಮೇಲೆ ಕವುಚಿ, ಖಾಲಿ ಕೇಸ್ ಹೊರಬರೋ ಕಿಂಡಿ ಮುಚ್ಚದ ಹಾಗೆ ಗಟ್ಟಿಯಾಗಿ ಹಿಡಿಯಬೇಕು. ಈಗ ಎಡಗೈ ಅಲುಗಿಸದೆ ಬಲಗೈಯಿಂದ ಪಿಸ್ತೂಲನ್ನೇ ಮುಂದಕ್ಕೆ ತಳ್ಳಿ, ಕೊನೆಗೆ ಸ್ಲೈಡ್ ಬಿಟ್ಟುಬಿಡಿ. ಕೈಜೊತೆ ಮುಂದಕ್ಕೆ ಸಾಗಿಸಿದರೆ ತೋಟಾ ಅರ್ಧಕ್ಕೆ ನಿಲ್ಲುತ್ತೆ. ಹ್ಯಾಮರ್ ಇರೋ ಪಿಸ್ತೂಲಾದರೆ ಮೊದಲು ಹ್ಯಾಮರ್ ಹಿಂದಕ್ಕೆ ಎಳೆದಿಟ್ಟುಕೊಂಡರೆ ಭಾರ ಎಷ್ಟೋ ಇಳಿಯುತ್ತೆ.

ರಿಪೇರಿಕೋಣೆ:
ಕೊಳ್ಳುವಾಗಲೇ ಲೆಕ್ಕಕ್ಕೆ ಸೇರಿಸಬೇಕಾದವು: ಒಟ್ಟು ನಾಲ್ಕೈದು ಮ್ಯಾಗಜೀನ್ (ಎರಡು ಸೊಂಟಕ್ಕೆ, ಉಳಿದದ್ದು ರೇಂಜಿಗೆ), ಒಂದು ಹೆಚ್ಚುವರಿ ರಿಕಾಯಿಲ್ ಸ್ಪ್ರಿಂಗ್ (ಸ್ಲೈಡನ್ನ ಮುಂದಕ್ಕೆ ತಳ್ಳೋದು), ಮಕ್ಕಳ ಕೈಗೆ ಸಿಗದ ಬೀಗದ ಪೆಟ್ಟಿಗೆ, ಕಿವಿಗೆ ರಕ್ಷಣೆ. ಗುಂಡಿನ ಸದ್ದು 155 ಡೆಸಿಬೆಲ್ ದಾಟುತ್ತೆ, ಒಳಾಂಗಣ ರೇಂಜಿನಲ್ಲಿ ಕಿವಿಯೊಳಗೆ ಬಿರಡೆ, ಮೇಲೆ ಮಫ್ ಎರಡೂ ಬೇಕು. ಹಾರಿಸಿದ ಮೇಲೆ ಸೋಪು, ತಣ್ಣೀರಲ್ಲಿ ಕೈ ತೊಳೆಯದೆ ಏನೂ ತಿನ್ನಬೇಡಿ, ಸೀಸ ಕೈಯಲ್ಲಿರುತ್ತೆ.

ದೊಡ್ಡಣ್ಣನ ಮ್ಯಾಗಜೀನ್ ಚಿಕ್ಕದರಲ್ಲಿ ಕೂರುತ್ತೆ: ಗ್ಲಾಕ್ 17ರದು 19ಕ್ಕೆ, ಪಿ-10 ಎಫ್‌ನದು ಪಿ-10 ಸಿಗೆ. ರೇಂಜಿಗೆ ಅದನ್ನೇ ತಗೊಂಡರೆ ಗ್ಲಾಕ್‌ನದು 17, ಪಿ-10 ಎಫ್‌ನದು 19 ತೋಟಾ ಹಿಡಿಯುತ್ತೆ, ಸೊಂಟಕ್ಕೆ ಚಿಕ್ಕದ್ದು ಉಳಿಯುತ್ತೆ.

ರಿಕಾಯಿಲ್ ಸ್ಪ್ರಿಂಗ್ ತಯಾರಕರು ಹೇಳಿದ ಲೆಕ್ಕಕ್ಕೆ ಬದಲಿಸಿ, ಸಾಮಾನ್ಯವಾಗಿ 3,000ದಿಂದ 5,000 ಗುಂಡಿನ ನಡುವೆ ಬರುತ್ತೆ. ಸ್ಪ್ರಿಂಗ್ ಸೋತರೆ ಸ್ಲೈಡ್ ಮುಂದಕ್ಕೆ ಪೂರ್ತಿ ಮುಚ್ಚದೆ ಕೂದಲೆಳೆಯಷ್ಟು ಹಿಂದೆ ನಿಲ್ಲುತ್ತೆ, ಟ್ರಿಗರ್ ಎಳೆದರೆ ಏನೂ ಆಗಲ್ಲ. ಎಣ್ಣೆ ಸ್ಲೈಡಿನ ನಾಲ್ಕು ಹಳಿಗಳಿಗೆ ಒಂದೊಂದು ಹನಿ, ನಳಿಗೆಯ ಮೇಲ್ಭಾಗ ಸ್ಲೈಡಿಗೆ ಉಜ್ಜುವ ಕಡೆ ಒಂದು, ಟ್ರಿಗರ್ ಬಾರ್ ಕನೆಕ್ಟರನ್ನು ಮುಟ್ಟುವ ಜಾಗಕ್ಕೆ ಒಂದು. ಸ್ಟ್ರೈಕರ್ ಓಡುವ ಕೊಳವೆಗೆ ಒಂದು ಹನಿಯೂ ಬೇಡ. ಅಲ್ಲಿ ಎಣ್ಣೆ ಹೋದರೆ ಮಸಿ ಕೂಡಿ ಅಂಟಾಗುತ್ತೆ, ಚಳಿಯಲ್ಲಿ ಸ್ಟ್ರೈಕರ್ ನಿಧಾನಕ್ಕೆ ಹೋಗಿ ಪ್ರೈಮರ್ ಮುಟ್ಟಿಯೂ ಮುಟ್ಟದ ಹಾಗೆ ಹೊಡೆಯುತ್ತೆ. ಹೊಸ ಗ್ಲಾಕ್ ಆದರೆ ಸ್ಲೈಡಿನೊಳಗೆ ತಾಮ್ರದ ಬಣ್ಣದ ಗ್ರೀಸ್ ಇರುತ್ತೆ, ಅದನ್ನ ಒರೆಸಬೇಡಿ, ಅದು ಕಾರ್ಖಾನೆಯವರೇ ಹಾಕಿದ್ದು. ಬೇರೆ ಕಂಪನಿಯ ಪಿಸ್ತೂಲುಗಳಲ್ಲಿ ತುಕ್ಕು ಹಿಡಿಯದಿರಲಿ ಅಂತ ಬಳಿದ ಎಣ್ಣೆ ಇರಬಹುದು, ಅದನ್ನ ಒರೆಸಿ, ಮೇಲೆ ಹೇಳಿದ ಜಾಗಗಳಿಗೆ ಹೊಸ ಎಣ್ಣೆ ಹಾಕಿಯೇ ರೇಂಜಿಗೆ ಹೋಗಿ.